ಅಕ್ಷರ ಉಳಿಯಬೇಕು, ಹಾಳೆ ಮಾಯವಾಗಬೇಕು

ಹವ್ಯಾಸಗಳನ್ನು ಕುರಿತ ನಮ್ಮ ಮಾತುಕತೆಯ ಕಂತೊಂದಕ್ಕಾಗಿ ನಾನೇ ಮನೆಯಲ್ಲಿ ಜೋಡಿಸಿದ್ದ ಗೂಡ್ಸ್ ವ್ಯಾಗನ್ನಿನ ಪುಟ್ಟ ಮಾದರಿಯೊಂದನ್ನು ಸ್ಟುಡಿಯೋದ ಮೇಜಿನ ಮೇಲೆ ಇಟ್ಟಿದ್ದೆ. ಆ ದಿನದ ಅತಿಥಿ, ರೈಲ್ವೆ ಕಾರ್ಯಾಗಾರವೊಂದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ವ್ಯಾಗನ್ನುಗಳ ಮೇಲೆ ಅಕ್ಷರ, ಅಂಕಿ ಬರೆದು ನಿವೃತ್ತರಾದ ಪೇಂಟರ್. ಅವರು ಸೇವೆಯ ಕೊನೆಯ ದಿನಗಳಲ್ಲಿ ಬರೆದ ಒಂದು ವ್ಯಾಗನ್ನಿನ ಸಂಖ್ಯೆಯನ್ನು ಫೋನಿನಲ್ಲಿ ಕೇಳಿ ಬರೆದುಕೊಂಡು, ಅದನ್ನೇ ಮಾದರಿಯ ಮೇಲೆ ಹಾಕಿದ್ದೆ. ಧ್ವನಿಮುದ್ರಣ ಮುಗಿದ ಮೇಲೆ ಅದನ್ನು ಅವರಿಗೇ ಕೊಡುವುದೆಂದು ನನ್ನ ಮನಸ್ಸಿನಲ್ಲಿತ್ತು.

ಕ್ಯಾಮೆರಾ ಹತ್ತಿರ ಹೋಯಿತು. ನಿಯಂತ್ರಣ ಕೊಠಡಿಯ ಪರದೆಯಲ್ಲಿ ನೋಡಿ ನನಗೆ ನಾಚಿಕೆಯಾಯಿತು. ಮನೆಯ ಟ್ಯೂಬ್‌ಲೈಟಿನಲ್ಲಿ ಚೆನ್ನಾಗಿಯೇ ಕಂಡಿದ್ದ ಅಂಕಿಗಳ ಸುತ್ತ, ಸ್ಟುಡಿಯೋ ದೀಪಗಳ ಕೆಳಗೆ, ಬೆಳ್ಳಿಯಂತೆ ಹೊಳೆಯುವ ತೇಪೆ! ಹಿರಿಯರು ವ್ಯಾಗನ್ನನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. "ಸಾರ್, ಇದು ಬರೆದ ಹಾಗಿಲ್ಲ. ಗಾಯಕ್ಕೆ ಪ್ಲಾಸ್ಟರ್ ಹಾಕಿದ ಹಾಗಿದೆ" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಹೊರಡುವಾಗ ಅವರು ಹೇಳಿದ ಇನ್ನೊಂದು ಮಾತಿಗೆ ನಗಲಾಗಲಿಲ್ಲ. "ನಾನು ಬರೆದದ್ದೆಲ್ಲ ಓಡಿಹೋಯಿತು ಸಾರ್. ಒಂದೂ ಮನೆಯಲ್ಲಿಲ್ಲ."

ಮಾದರಿಯನ್ನು ಅವರಿಗೆ ಕೊಡದೆ ಹಿಂದಕ್ಕೆ ತಂದೆ. ಬೇರೆ ಅಂಕಿ ಹಾಕಿ ತಂದುಕೊಡುತ್ತೇನೆಂದು ಮಾತು ಕೊಟ್ಟೆ. ಕಂತು ಪ್ರಸಾರವಾದ ಮೇಲೆ ಹಲವು ವೀಕ್ಷಕರು, ಇಂಥ ಅಕ್ಷರಗಳನ್ನು ಮನೆಯಲ್ಲೇ ಮುದ್ರಿಸುವುದು ಹೇಗೆ ಎಂದು ಕೇಳಿದ್ದಾರೆ. ಆ ತಪ್ಪನ್ನು ತಿದ್ದಿಕೊಳ್ಳುತ್ತಾ ನಾನು ಕಲಿತದ್ದೇ ಅವರಿಗೆ ಉತ್ತರ.

ಡೆಕಾಲ್ ಎಂದರೇನು?

ಬಬಲ್ ಗಮ್ಮಿನ ಜೊತೆ ಬರುತ್ತಿದ್ದ ಚಿತ್ರವನ್ನು ಕೈಯ ಮೇಲಿಟ್ಟು, ನೀರು ಹಚ್ಚಿ, ಕಾಗದವನ್ನು ಮೆಲ್ಲಗೆ ತೆಗೆದದ್ದು ನಿಮಗೆ ನೆನಪಿರಬಹುದು. ಮಾದರಿ ರೈಲಿನ ಡೆಕಾಲ್ ಅದರ ಹತ್ತಿರದ ನೆಂಟ. ಫ್ರೆಂಚ್ ಮೂಲದ 'ಡೆಕಾಲ್ಕೊಮೇನಿಯ' ಎಂಬ ಉದ್ದನೆಯ ಪದದ ಮೊಟಕು ರೂಪ ಇದು. ಒಂದು ಮೇಲ್ಮೈಯಿಂದ ಇನ್ನೊಂದಕ್ಕೆ ಚಿತ್ರವನ್ನು ದಾಟಿಸುವ ಕಲೆ ಎಂದು ಅದರ ಅರ್ಥ.

ಡೆಕಾಲ್ ಹಾಳೆಯಲ್ಲಿ ಮೂರು ಪದರಗಳಿವೆ. ತಳದಲ್ಲಿ ನೀರು ಹೀರುವ ಕಾಗದ. ಅದರ ಮೇಲೆ ನೀರಿನಲ್ಲಿ ಕರಗುವ ಅಂಟು. ಅಂಟಿನ ಮೇಲೆ ತೆಳುವಾದ ಪಾರದರ್ಶಕ ಪೊರೆ. ನಾವು ಮುದ್ರಿಸುವುದು ಈ ಪೊರೆಯ ಮೇಲೆ. ಹಾಳೆಯನ್ನು ನೀರಿನಲ್ಲಿ ಅದ್ದಿದಾಗ ಅಂಟು ಸಡಿಲವಾಗಿ, ಪೊರೆ ಅಕ್ಷರಸಮೇತ ಜಾರಿ ಬರುತ್ತದೆ. ಕಾಗದ ಕಸದ ಬುಟ್ಟಿಗೆ, ಪೊರೆ ವ್ಯಾಗನ್ನಿಗೆ.

ಸಿದ್ಧ ಡೆಕಾಲ್‌ಗಳು ಅಂಗಡಿಯಲ್ಲಿ ಸಿಗುವಾಗ ಮನೆಯಲ್ಲೇಕೆ ಮುದ್ರಿಸಬೇಕು? ಬಳ್ಳಾರಿ, ಹೊಸಪೇಟೆಗಳ ಕಡೆ ಕಬ್ಬಿಣದ ಅದಿರು ಹೊತ್ತು ಸಾಗುವ ಮೇಲ್ಭಾಗ ತೆರೆದ 'ಬಾಕ್ಸ್‌ಎನ್' ವ್ಯಾಗನ್ನುಗಳ ಸಾಲನ್ನು ನೋಡಿ. ಒಂದೊಂದು ಗಾಡಿಗೆ ಐವತ್ತಕ್ಕೂ ಹೆಚ್ಚು ವ್ಯಾಗನ್. ಎಲ್ಲದರ ರೂಪ ಒಂದೇ, ಆದರೆ ಯಾವ ಎರಡರ ಸಂಖ್ಯೆಯೂ ಒಂದಲ್ಲ. ಸಂಖ್ಯೆಯ ಜೊತೆಗೆ ಖಾಲಿ ತೂಕ, ಹೊರಬಹುದಾದ ಭಾರ, ದುರಸ್ತಿಗೆ ಯಾವ ಕಾರ್ಯಾಗಾರಕ್ಕೆ ಎಂದು ಮರಳಬೇಕು ಎಂಬ ವಿವರಗಳೂ ಇರುತ್ತವೆ. ಹತ್ತು ಮಾದರಿಗಳಿಗೆ ಒಂದೇ ಸಂಖ್ಯೆ ಅಂಟಿಸಿದರೆ ಅದು ಗಾಡಿಯಲ್ಲ, ಒಂದೇ ವ್ಯಾಗನ್ನಿನ ಹತ್ತು ಪ್ರತಿಗಳು. ನಮಗೆ ಬೇಕಾದ ಸಂಖ್ಯೆ ಬೇಕೆಂದರೆ ನಾವೇ ಮುದ್ರಿಸಬೇಕು.

ಲೆಕ್ಕ ಮೊದಲು, ಮುದ್ರಣ ಆಮೇಲೆ

ಬಹಳ ಬಳಕೆಯಲ್ಲಿರುವ 'ಎಚ್‌ಒ' ಅಳತೆಯಲ್ಲಿ ಎಲ್ಲವೂ ನಿಜದ 87ನೇ ಒಂದು ಭಾಗ. ಸುಮಾರು 10.7 ಮೀಟರ್ ಉದ್ದದ ಬಾಕ್ಸ್‌ಎನ್ ವ್ಯಾಗನ್ ಇಲ್ಲಿ 12.3 ಸೆಂಟಿಮೀಟರ್. ನಿಜವಾದ ವ್ಯಾಗನ್ನಿನ ಮೇಲೆ 15 ಸೆಂಟಿಮೀಟರ್ ಎತ್ತರದ ಅಕ್ಷರ ಇದೆ ಎಂದಿಟ್ಟುಕೊಂಡರೆ, ಮಾದರಿಯಲ್ಲಿ ಅದು 1.7 ಮಿಲಿಮೀಟರ್ ಮಾತ್ರ.

ಅಂಗುಲಕ್ಕೆ 600 ಚುಕ್ಕಿ ಇಡುವ ಮುದ್ರಕ 1.7 ಮಿಲಿಮೀಟರಿನಲ್ಲಿ ಸುಮಾರು 40 ಚುಕ್ಕಿ ಇಡುತ್ತದೆ. ಅಂಕಿಗಳಿಗೆ ಇದು ಧಾರಾಳ. ಆದರೆ ನಿಜದಲ್ಲಿ 5 ಸೆಂಟಿಮೀಟರ್ ಇರುವ ಬರಹಕ್ಕೆ ಉಳಿಯುವುದು ಹದಿಮೂರೋ ಹದಿನಾಲ್ಕೋ ಚುಕ್ಕಿ. ನಮ್ಮ ಕನ್ನಡದ ಕಷ್ಟ ಇಲ್ಲಿ ಹೆಚ್ಚು. ಮಾದರಿ ನಿಲ್ದಾಣಕ್ಕೆ 'ಹುಬ್ಬಳ್ಳಿ' ಎಂಬ ಫಲಕ ಮಾಡುವಾಗ, ಇರುವ ಎತ್ತರವನ್ನು ತಲೆಕಟ್ಟು, ಅಕ್ಷರ, ಒತ್ತಕ್ಷರ ಮೂರೂ ಹಂಚಿಕೊಳ್ಳಬೇಕು. ರೋಮನ್ ಲಿಪಿಗೆ ಸಾಕಾದ ಚುಕ್ಕಿ ನಮಗೆ ಸಾಲದು. ಆದ್ದರಿಂದ ಕನ್ನಡ ಬರಹಕ್ಕೆ ಅಂಗುಲಕ್ಕೆ 1200 ಚುಕ್ಕಿಯ ಮುದ್ರಕ, ಒಂದೇ ದಪ್ಪದ ಸರಳ ಅಕ್ಷರ ವಿನ್ಯಾಸ ಒಳ್ಳೆಯದು.

ಅಂದಹಾಗೆ, ಗಣಕಯಂತ್ರದ ಸಿದ್ಧ ಅಕ್ಷರವನ್ನೇ ಬಳಸಬೇಕೆಂದಿಲ್ಲ. ಎರಡನೆಯ ಪ್ರಯತ್ನಕ್ಕೆ ಮುಂಚೆ ನಾನು ನಮ್ಮ ಪೇಂಟರ್ ಹಿರಿಯರಿಂದ ಸೊನ್ನೆಯಿಂದ ಒಂಬತ್ತರವರೆಗೆ ಅಂಕಿಗಳನ್ನು ಬಿಳಿ ಹಾಳೆಯಲ್ಲಿ ಬರೆಸಿಕೊಂಡೆ. ಅದನ್ನು ಸ್ಕ್ಯಾನ್ ಮಾಡಿ, ಕುಗ್ಗಿಸಿ, ಒಂದೊಂದನ್ನೂ ಸಾಲಾಗಿ ಕೂರಿಸಿದೆ. ಡೆಕಾಲ್ ಹಾಳೆಗೆ ದುಡ್ಡು ಬೀಳುತ್ತದೆ. ಆದ್ದರಿಂದ ಮೊದಲು ಸಾಮಾನ್ಯ ಕಾಗದದಲ್ಲಿ ಮುದ್ರಿಸಿ, ಕತ್ತರಿಸಿ, ವ್ಯಾಗನ್ನಿನ ಮೇಲಿಟ್ಟು ಅಳತೆ ನೋಡಿ. ಸರಿ ಕಂಡ ಮೇಲೆ ಪ್ರತಿಯೊಂದನ್ನೂ ಎರಡು ಮೂರು ಪ್ರತಿ ಮುದ್ರಿಸಿ. ಒಂದಾದರೂ ಹರಿದುಹೋಗುತ್ತದೆ.

ಯಾವ ಮುದ್ರಕ? ಬಿಳಿ ಬಣ್ಣ ಎಲ್ಲಿಂದ?

ಇಂಕ್‌ಜೆಟ್ ಮುದ್ರಕದ ಶಾಯಿ ಸಾಮಾನ್ಯವಾಗಿ ನೀರಿನದು. ಹಾಗೆಯೇ ಅದ್ದಿದರೆ ಬರಹ ನೀರಿನಲ್ಲಿ ಹರಡಿಹೋಗುತ್ತದೆ. ಮುದ್ರಿಸಿ, ಪೂರ್ತಿ ಒಣಗಿಸಿ, ಪಾರದರ್ಶಕ ಅಕ್ರಿಲಿಕ್ ಸ್ಪ್ರೇಯನ್ನು ತೆಳುವಾಗಿ ಎರಡು ಮೂರು ಸಲ ಹೊಡೆದು ಕಾಪಾಡಬೇಕು. ಲೇಸರ್ ಮುದ್ರಕದ ಟೋನರ್ ಬಣ್ಣ ಬೆರೆತ ಪ್ಲಾಸ್ಟಿಕ್ ಪುಡಿ. ಬಿಸಿ ಉರುಳೆಯ ಕೆಳಗೆ ಕರಗಿ ಪೊರೆಗೆ ಅಂಟುತ್ತದೆ, ನೀರಿಗೆ ಹೆದರುವುದಿಲ್ಲ. ಆದರೆ ಎಚ್ಚರ: ಇಂಕ್‌ಜೆಟ್‌ಗೆಂದು ಮಾಡಿದ ಹಾಳೆಯನ್ನು ಲೇಸರ್ ಮುದ್ರಕಕ್ಕೆ ಹಾಕಬೇಡಿ. ಆ ಶಾಖಕ್ಕೆ ಪೊರೆ ಕರಗಿ ಉರುಳೆಗೆ ಮೆತ್ತಿಕೊಂಡರೆ ಮುದ್ರಕವೇ ಕೆಡಬಹುದು.

ಇನ್ನು ಬಿಳಿಯ ಸಮಸ್ಯೆ. ಕೆಂಪು ಮಿಶ್ರಿತ ಕಂದು ವ್ಯಾಗನ್ನಿನ ಮೇಲಿನ ಬರಹ ಬಿಳಿ. ಮನೆಯ ಮುದ್ರಕದಲ್ಲಿ ಬಿಳಿ ಶಾಯಿಯೇ ಇಲ್ಲ, ಅದು ಕಾಗದದ ಬಿಳುಪನ್ನೇ ನಂಬಿಕೊಂಡಿದೆ. ಅದರ ಉಳಿದ ಬಣ್ಣಗಳೂ ಅರೆಪಾರದರ್ಶಕ. ಹಳದಿ ಅಕ್ಷರವನ್ನು ಕಂದು ಬಣ್ಣದ ಮೇಲೆ ಕೂರಿಸಿದರೆ ಹಳದಿ ಕಾಣುವುದೇ ಇಲ್ಲ. 1990ರ ದಶಕದಲ್ಲಿ ಜಪಾನಿನ ಆಲ್ಪ್ಸ್ ಸಂಸ್ಥೆ ಬಿಳಿ ರಿಬ್ಬನ್ ಹಾಕಬಹುದಾದ ಮುದ್ರಕಗಳನ್ನು ತಂದಾಗ ಮಾದರಿ ರೈಲಿನ ಹವ್ಯಾಸಿಗಳು ಅದನ್ನು ಹುಡುಕಿ ಕೊಂಡದ್ದು ಇದಕ್ಕಾಗಿಯೇ. ಆ ಮುದ್ರಕಗಳ ತಯಾರಿಕೆ ಈಗ ನಿಂತಿದೆ.

ಈಗ ಎರಡು ದಾರಿಗಳಿವೆ. ಕೆಲವು ಲೇಸರ್ ಮುದ್ರಕಗಳಲ್ಲಿ ಕಪ್ಪು ಟೋನರ್ ಪೆಟ್ಟಿಗೆಯನ್ನು ತೆಗೆದು ಅದೇ ಜಾಗದಲ್ಲಿ ಬಿಳಿ ಟೋನರ್ ಪೆಟ್ಟಿಗೆ ಕೂರಿಸಬಹುದು. ಪರದೆಯಲ್ಲಿ ಕಪ್ಪಾಗಿ ಕಾಣುವುದು ಹಾಳೆಯಲ್ಲಿ ಬಿಳಿಯಾಗಿ ಬರುತ್ತದೆ. ನಾನು ಹಿಡಿದದ್ದು ಈ ದಾರಿ. ದುಬಾರಿ ಎನ್ನುವುದು ನಿಜ. ಕಡಿಮೆ ಖರ್ಚಿನ ಇನ್ನೊಂದು ದಾರಿ ಎಂದರೆ ಬಿಳಿ ಪೊರೆಯ ಡೆಕಾಲ್ ಹಾಳೆ. ಇಲ್ಲಿ ಅಕ್ಷರವನ್ನು ಮುದ್ರಿಸುವುದಿಲ್ಲ. ಅಕ್ಷರದ ಜಾಗ ಬಿಟ್ಟು ಸುತ್ತ ವ್ಯಾಗನ್ನಿನ ಬಣ್ಣವನ್ನು ಮುದ್ರಿಸುತ್ತೇವೆ. ಬಣ್ಣ ಹೊಂದಿಸುವುದೇ ಇಲ್ಲಿ ಸವಾಲು. ನಾಲ್ಕಾರು ಕಂದು ಛಾಯೆಗಳ ಪಟ್ಟಿ ಮುದ್ರಿಸಿ ಹಗಲು ಬೆಳಕಿನಲ್ಲೇ ಹೋಲಿಸಿ ನೋಡಿ. ಡೆಕಾಲನ್ನು ವ್ಯಾಗನ್ನಿನ ಎರಡು ಉಬ್ಬು ಪಟ್ಟಿಗಳ ನಡುವಿನ ಇಡೀ ಅಂಕಣಕ್ಕೆ ಸರಿಯಾಗಿ ಕತ್ತರಿಸಿದರೆ, ಬಣ್ಣದ ಅಲ್ಪಸ್ವಲ್ಪ ವ್ಯತ್ಯಾಸ ಪಟ್ಟಿಯ ಅಂಚಿನಲ್ಲಿ ಅಡಗುತ್ತದೆ.

ಬೆಳ್ಳಿಯ ತೇಪೆಯ ಗುಟ್ಟು

ಈಗ ನನ್ನ ನಾಚಿಕೆಯ ವಿಷಯಕ್ಕೆ ಬರೋಣ. ಪಾರದರ್ಶಕ ಪೊರೆ ಬೆಳ್ಳಿಯಂತೆ ಹೊಳೆದದ್ದೇಕೆ? ಉತ್ತರ ಶಾಲೆಯ ಭೌತಶಾಸ್ತ್ರದಲ್ಲೇ ಇದೆ. ಬೆಳಕು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ದಾಟುವಾಗ, ಎರಡರ ವಕ್ರೀಭವನ ಸೂಚ್ಯಂಕ ಬೇರೆಯಾಗಿದ್ದರೆ ಸ್ವಲ್ಪ ಬೆಳಕು ಹಿಂದಕ್ಕೆ ಬರುತ್ತದೆ. ಗಾಳಿಯದು 1, ಪೊರೆ ಮತ್ತು ಬಣ್ಣಗಳದು ಸುಮಾರು 1.5. ಗಾಳಿ ಮತ್ತು ಪೊರೆ ಸೇರುವ ಒಂದೊಂದು ಮೇಲ್ಮೈಯಲ್ಲೂ, ನೇರವಾಗಿ ಬಿದ್ದ ಬೆಳಕಿನ ಶೇಕಡಾ 4ರಷ್ಟು ಪ್ರತಿಫಲಿಸುತ್ತದೆ. ಪೊರೆ ಬಣ್ಣಕ್ಕೆ ಪೂರ್ತಿ ಅಂಟಿದ್ದರೆ ಅವೆರಡರ ನಡುವೆ ಬೆಳಕಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ, ಪೊರೆ ಕಾಣುವುದಿಲ್ಲ. ನಡುವೆ ಗಾಳಿ ಸಿಕ್ಕಿಕೊಂಡರೆ ಅಲ್ಲಿ ಮತ್ತೆರಡು ಮೇಲ್ಮೈಗಳು ಹುಟ್ಟುತ್ತವೆ. ಕಪ್ಪು ಅಥವಾ ಕಂದು ಹಿನ್ನೆಲೆಯಲ್ಲಿ ಆ ಹೆಚ್ಚಿನ ಬೆಳಕೇ ಬೆಳ್ಳಿಯಾಗಿ ಕಾಣುತ್ತದೆ.

ಗಾಳಿ ಸಿಕ್ಕಿಕೊಂಡದ್ದೇಕೆ? ನಾನು ಹೊಳಪಿಲ್ಲದ ಬಣ್ಣದ ಮೇಲೆ ನೇರವಾಗಿ ಡೆಕಾಲ್ ಕೂರಿಸಿದ್ದೆ. ಹೊಳಪಿಲ್ಲದ ಬಣ್ಣವೆಂದರೆ ಸೂಕ್ಷ್ಮವಾಗಿ ನೋಡಿದರೆ ಉಳುಮೆ ಮಾಡಿದ ಹೊಲ. ಪೊರೆ ಮಣ್ಣಹೆಂಟೆಗಳ ತಲೆಯ ಮೇಲೆ ಕೂತು, ಸಾಲುಗಳಲ್ಲೆಲ್ಲ ಗಾಳಿ ಉಳಿಯಿತು. ಪರಿಹಾರವೂ ಇದರಲ್ಲೇ ಇದೆ. ಡೆಕಾಲ್ ಹಾಕುವ ಮುಂಚೆ ಹೊಳಪು ವಾರ್ನಿಷ್ ಹಚ್ಚಿ ಹೊಲವನ್ನು ಕಣದಂತೆ ನುಣುಪು ಮಾಡಬೇಕು.

ಇನ್ನೊಂದು ಶತ್ರು ಪೊರೆಯ ದಪ್ಪ. ಸ್ಪ್ರೇ ಸೇರಿ ಅದು 0.03 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ತಲೆಗೂದಲಿಗಿಂತ ತೆಳು. ಆದರೆ 87ರಿಂದ ಗುಣಿಸಿದರೆ, ನಿಜವಾದ ವ್ಯಾಗನ್ನಿಗೆ ಎರಡೂವರೆ ಮಿಲಿಮೀಟರ್ ದಪ್ಪದ ತಗಡು ಬಡಿದಂತೆ! ಆದ್ದರಿಂದ ಸ್ಪ್ರೇ ಕೈ ಬಿಗಿಹಿಡಿದು ಹೊಡೆಯಬೇಕು, ಅಕ್ಷರದ ಅಂಚಿಗೆ ಸಾಧ್ಯವಾದಷ್ಟು ಹತ್ತಿರ ಕತ್ತರಿಸಬೇಕು.

ಕೂರಿಸುವ ಕ್ರಮ

ವಾರ್ನಿಷ್ ಚೆನ್ನಾಗಿ ಒಣಗಿದ ಮೇಲೆ, ಕತ್ತರಿಸಿದ ಡೆಕಾಲನ್ನು ಇಕ್ಕಳದಲ್ಲಿ ಹಿಡಿದು ಉಗುರುಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ಮೂವತ್ತು ಸೆಕೆಂಡು ಅದ್ದಿ ತೆಗೆಯಿರಿ. ತಟ್ಟೆಯ ಮೇಲೆ ಒಂದು ನಿಮಿಷ ಬಿಡಿ. ಬೆರಳಿನಿಂದ ಮುಟ್ಟಿದರೆ ಪೊರೆ ತಾನಾಗಿ ಅಲುಗಬೇಕು. ಅಲುಗದಿದ್ದರೆ ಕಾಯಿರಿ, ಎಳೆಯಬೇಡಿ. ವ್ಯಾಗನ್ನಿನ ಮೇಲೆ ಮೊದಲೇ ಒಂದು ಹನಿ ನೀರು ಹಾಕಿ, ಅದಕ್ಕೆ ಪಾತ್ರೆ ತೊಳೆಯುವ ದ್ರವವನ್ನು ಸೂಜಿಮೊನೆಯಷ್ಟು ಬೆರೆಸಿ. ನೀರಿನ ಮೇಲ್ಮೈ ಸೆಳೆತ ತಗ್ಗಿ ಅದು ಮೂಲೆಮೂಲೆಗೂ ಹರಿದು ಗಾಳಿಯನ್ನು ಹೊರಗೆ ತಳ್ಳುತ್ತದೆ. ಕಾಗದವನ್ನು ವ್ಯಾಗನ್ನಿನ ಪಕ್ಕಕ್ಕೆ ಒತ್ತಿ, ಒದ್ದೆ ಕುಂಚದಿಂದ ಪೊರೆಯನ್ನು ಜಾರಿಸಿ ಸರಿಯಾದ ಜಾಗಕ್ಕೆ ತನ್ನಿ. ನಡುವಿನಿಂದ ಅಂಚಿನ ಕಡೆಗೆ ಹತ್ತಿಯಿಂದ ಒತ್ತಿ ನೀರು ತೆಗೆಯಿರಿ. ಪೊರೆಯನ್ನು ಮೆದುಗೊಳಿಸಿ ಉಬ್ಬುತಗ್ಗುಗಳಿಗೆ ಹೊಂದಿಸುವ ದ್ರಾವಣಗಳು ಹವ್ಯಾಸದ ಅಂಗಡಿಗಳಲ್ಲಿ ಸಿಗುತ್ತವೆ. ಎಲ್ಲಾದರೂ ಗುಳ್ಳೆ ಉಳಿದರೆ ಸೂಜಿಯಿಂದ ಚುಚ್ಚಿ ಆ ದ್ರಾವಣದ ಒಂದು ಹನಿ ಮುಟ್ಟಿಸಿ.

ಒಂದು ರಾತ್ರಿ ಒಣಗಲಿ. ಬೆಳಿಗ್ಗೆ ಉಳಿದ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕೊನೆಗೆ ಹೊಳಪಿಲ್ಲದ ವಾರ್ನಿಷ್ ಹೊಡೆಯಿರಿ. ಪೊರೆಯ ಅಂಚು ಅದರಲ್ಲಿ ಮುಚ್ಚಿಹೋಗುತ್ತದೆ. ಸ್ಪ್ರೇಗಳು ಬೇಗ ಹೊತ್ತಿಕೊಳ್ಳುವ ಪದಾರ್ಥ. ಅಡಿಗೆಮನೆಯ ಒಲೆ, ದೇವರ ದೀಪಗಳಿಂದ ದೂರ, ಕಿಟಕಿ ತೆರೆದು, ಮೂಗಿಗೆ ಮುಸುಕು ಕಟ್ಟಿ ಕೆಲಸ ಮಾಡಿ. ಮಕ್ಕಳ ಕೈಗೆ ಡಬ್ಬಿ ಕೊಡಬೇಡಿ.

ಕೊನೆಯ ಅಂಕಿ

ಇಷ್ಟೆಲ್ಲ ಮಾಡಿ ವ್ಯಾಗನ್ನನ್ನು ಹಿರಿಯರ ಮನೆಗೆ ಒಯ್ದೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಓರೆಯಾಗಿ ತಿರುಗಿಸಿ ನೋಡಿದರು. ಬೆಳ್ಳಿ ಹೊಳೆಯಲಿಲ್ಲ. ನನಗೆ ಸಮಾಧಾನವಾಗುವಷ್ಟರಲ್ಲಿ ಅವರು ಸಂಖ್ಯೆಯ ನಡುವೆ ಬೆರಳಿಟ್ಟರು. "ಈ ನಾಲ್ಕು ನನ್ನದೇ ಸಾರ್. ಆದರೆ ಅದು ಕೂತಿರುವ ಜಾಗ ನನ್ನದಲ್ಲ" ಎಂದರು.

ನಮ್ಮ ವ್ಯಾಗನ್ ಸಂಖ್ಯೆಯಲ್ಲಿ ಹನ್ನೊಂದು ಅಂಕಿ. ಮೊದಲೆರಡು ವ್ಯಾಗನ್ನಿನ ಬಗೆ, ಮುಂದಿನೆರಡು ಅದು ಸೇರಿದ ರೈಲ್ವೆ, ಆಮೇಲಿನೆರಡು ತಯಾರಾದ ವರ್ಷ, ನಂತರದ ನಾಲ್ಕು ಅದರ ಸ್ವಂತ ಸಂಖ್ಯೆ. ಹನ್ನೊಂದನೆಯದು ಉಳಿದವು ಸರಿಯಿವೆಯೇ ಎಂದು ನೋಡುವ ಕಾವಲುಗಾರ. ಹಿರಿಯರು ಪೆನ್ಸಿಲ್ ತೆಗೆದುಕೊಂಡು ಪತ್ರಿಕೆಯ ಅಂಚಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ನಾನು ಹಾಕಿದ್ದು 10069414829. ಮೊದಲ ಹತ್ತರಲ್ಲಿ ಸಮಸ್ಥಾನದ ಅಂಕಿಗಳ ಮೊತ್ತ 16, ಅದರ ಮೂರರಷ್ಟು 48. ಬೆಸಸ್ಥಾನದ್ದು 19. ಒಟ್ಟು 67. ಮುಂದಿನ ಹತ್ತರ ಗುಣಕ 70, ಅದಕ್ಕೆ ಬೇಕಾದದ್ದು 3. ಆದರೆ ಕೊನೆಯಲ್ಲಿ ಕೂತಿರುವುದು 9! ನಡುವಿನ 14 ಅನ್ನು 41 ಮಾಡಿದರೆ ಮೊತ್ತ 39 ಮತ್ತು 22 ಸೇರಿ 61. ಎಪ್ಪತ್ತಕ್ಕೆ 9 ಬೇಕು, ಸರಿಹೋಯಿತು. ಫೋನಿನಲ್ಲಿ ಬರೆದುಕೊಳ್ಳುವಾಗ ನಾನು ಎರಡು ಅಂಕಿಗಳನ್ನು ಅದಲುಬದಲು ಮಾಡಿದ್ದೆ.

ಸ್ಟುಡಿಯೋದಲ್ಲೂ ಇದೇ ತಪ್ಪು ಸಂಖ್ಯೆ ಅವರ ಕೈಯಲ್ಲಿತ್ತು. ಅಂದು ಅವರು ಅದನ್ನು ಓದಲೇ ಇಲ್ಲ, ತೇಪೆಯನ್ನು ನೋಡಿದ್ದರು. ಈ ಸಲ ತೇಪೆ ಇರಲಿಲ್ಲ, ಅದಕ್ಕೇ ಓದಿದರು. ನನ್ನ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಪ್ರಮಾಣಪತ್ರ ಬೇಕಿರಲಿಲ್ಲ.

ಅದೇ ರಾತ್ರಿ ಹೊಸ ಸಂಖ್ಯೆ ಮುದ್ರಿಸಿದೆ. ಮನೆಯಲ್ಲಿ ಮುದ್ರಿಸುವುದರ ಲಾಭ ಇದೇ ಅಲ್ಲವೇ? 10069441829 ಈಗ ಅವರ ಟೀವಿ ಪೆಟ್ಟಿಗೆಯ ಪಕ್ಕದಲ್ಲಿ ನಿಂತಿದೆ. ಅವರು ಬರೆದವುಗಳಲ್ಲಿ ಓಡಿಹೋಗದೆ ಮನೆಯಲ್ಲಿ ಉಳಿದದ್ದು ಅದೊಂದೇ.