ಕೆರೆದಂಡೆಯ ಅಭಿವೃದ್ಧಿ ಮತ್ತು ಮೀನಿನ ಆವಾಸ

ಕೆರೆದಂಡೆಯ ಪರಿಸರಸ್ನೇಹಿ ಅಭಿವೃದ್ಧಿ ಎಂದರೆ ಕೆರೆಯ ಅಂಚಿನಲ್ಲಿ ನಡಿಗೆಹಾದಿ, ಉದ್ಯಾನ, ರಸ್ತೆ, ವಸತಿ ಮುಂತಾದವುಗಳನ್ನು ನಿರ್ಮಿಸುವಾಗ ಜಲಚರಗಳ, ವಿಶೇಷವಾಗಿ ಮೀನುಗಳ ಆವಾಸಕ್ಕೆ ಧಕ್ಕೆಯಾಗದಂತೆ ಯೋಜಿಸುವ ಕ್ರಮ. ಕರ್ನಾಟಕದ ಕೆರೆಗಳಲ್ಲಿ ಬಹುಪಾಲು ಮಾನವನಿರ್ಮಿತ. ಕಲಬುರಗಿ ನಗರದಲ್ಲಿ ಶರಣಬಸವೇಶ್ವರ ದೇವಾಲಯದ ಸಮೀಪವಿರುವ, ಜನರು ಅಪ್ಪನ ಕೆರೆ ಎಂದು ಕರೆಯುವ ಜಲಾಶಯ ನಗರದೊಳಗಿನ ಇಂತಹ ಕೆರೆಗಳಿಗೆ ಪರಿಚಿತ ಉದಾಹರಣೆ.

ದಂಡೆಯ ಮಹತ್ವ

ಕೆರೆಯ ನಡುವಿನ ಆಳವಾದ ನೀರಿಗಿಂತ ಮೊಣಕಾಲುದ್ದದ ಅಂಚಿನ ನೀರು ಮೀನಿನ ಸಂತತಿಗೆ ಹೆಚ್ಚು ಮುಖ್ಯ. ಬಿಸಿಲು ತಳದವರೆಗೆ ಇಳಿಯುವುದರಿಂದ ಅಲ್ಲಿ ಜಂಬುಹುಲ್ಲು, ಕಮಲ, ನೀರಿನೊಳಗಿನ ಗಿಡಗಳು ಬೆಳೆಯುತ್ತವೆ. ಅವುಗಳ ಆಶ್ರಯದಲ್ಲಿ ಹುಳುಗಳು ಬದುಕುತ್ತವೆ. ಮರಿಮೀನುಗಳಿಗೆ ಅವೇ ಆಹಾರ. ಸಾಮಾನ್ಯ ಗೆಂಡೆಯ ಅಂಟುಮೊಟ್ಟೆಗಳು ಜಲಸಸ್ಯಗಳಿಗೆ ಅಂಟಿಕೊಳ್ಳುತ್ತವೆ. ಕೊರವ ಮೀನು ಕಳೆಯ ನಡುವೆ ಗೂಡು ಮಾಡಿ ಮೊಟ್ಟೆಮರಿಗಳನ್ನು ಕಾಯುತ್ತದೆ. ಕಟ್ಲ, ರೋಹು, ಮೃಗಾಲ್‌ಗಳು ಹರಿಯುವ ನದಿಯಲ್ಲಿ ಮೊಟ್ಟೆಯಿಡುವ ಜಾತಿಗಳಾದ್ದರಿಂದ ಕೆರೆಗೆ ಅವುಗಳ ಮರಿಗಳನ್ನು ಹೊರಗಿನಿಂದ ತಂದು ಬಿಡುತ್ತಾರೆ. ಆದರೂ ಆ ಮರಿಗಳು ಮೊದಲು ಅಡಗುವುದು ಇದೇ ಅಂಚಿನಲ್ಲಿ. ಹಾಗಾಗಿ ಕೆರೆಯ ಸುತ್ತ ಕಲ್ಲಿನ ಕಡಿದಾದ ಗೋಡೆ ಕಟ್ಟಿದರೆ ಕೆರೆ ಚೊಕ್ಕಟವಾಗಿ ಕಂಡರೂ ಮೀನಿನ ತೊಟ್ಟಿಲು ಹೋಗಿರುತ್ತದೆ.

ಆಮ್ಲಜನಕ ಮತ್ತು ಮೀನಿನ ಸಾವು

ಸುಮಾರು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಶುದ್ಧ ನೀರು ಹಿಡಿದಿಡಬಲ್ಲ ಆಮ್ಲಜನಕ ಲೀಟರಿಗೆ ಸುಮಾರು 7.5 ಮಿಲಿಗ್ರಾಂ, 20 ಡಿಗ್ರಿಯಲ್ಲಿ ಅದು 9 ಮಿಲಿಗ್ರಾಂ ಮೀರುತ್ತದೆ. ಬೇಸಿಗೆಯಲ್ಲಿ ಗಾಳಿಯ ಉಷ್ಣತೆ 40 ಡಿಗ್ರಿ ದಾಟುವ ಕಲಬುರಗಿಯಂತಹ ಊರಿನಲ್ಲಿ ಕೆರೆಯ ನೀರು ಬಿಸಿಯೇರಿದಷ್ಟೂ ಮೀನಿನ ಉಸಿರಿಗೆ ಬಿಗಿ. ಅದರ ಮೇಲೆ ಚರಂಡಿ ನೀರು ಸೇರಿದರೆ ಸಾವಯವ ಕೊಳೆಯನ್ನು ಕರಗಿಸುವ ಸೂಕ್ಷ್ಮಜೀವಿಗಳೇ ಉಳಿದ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಕೊಳಚೆಯ ಪೋಷಕಾಂಶದಿಂದ ಹುಲುಸಾಗಿ ಬೆಳೆದ ಪಾಚಿ ಹಗಲಿನಲ್ಲಿ ಆಮ್ಲಜನಕ ಬಿಟ್ಟರೂ ರಾತ್ರಿಯಲ್ಲಿ ಅದನ್ನು ಹೀರುತ್ತದೆ. ಮೀನುಗಳು ಬೆಳಗಿನ ಜಾವ ಮೇಲೆ ಬಂದು ಬಾಯಿ ತೆರೆಯುವುದಕ್ಕೆ ಇದೇ ಕಾರಣ. ಅದನ್ನು ಆಟವೆಂದು ನೋಡುವವರೂ ಉಂಟು. ಮೊದಲ ಮಳೆಯಲ್ಲಿ ಚರಂಡಿಯ ಕೊಳೆ ಒಮ್ಮೆಲೇ ನುಗ್ಗಿ, ತಳದ ಕೆಸರು ಕದಡಿದಾಗ ಅಪಾಯ ಇನ್ನೂ ಹೆಚ್ಚು. ಬೆಂಗಳೂರಿನ ಹಲಸೂರು ಕೆರೆಯಲ್ಲಿ 2016ರ ಮಾರ್ಚ್‌ನಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು.

ಅನುಸರಿಸುವ ಕ್ರಮಗಳು

ಅಂಚನ್ನು ಇಳಿಜಾರಾಗಿ ಬಿಡುವುದು ಮೊದಲ ಕೆಲಸ. ಏರಿಯ ಭಾಗಕ್ಕೆ ಕಲ್ಲುಕಟ್ಟಣೆ ಬೇಕೇ ಬೇಕು, ಅಲೆಯ ಹೊಡೆತ ಅಲ್ಲಿದೆ. ಆದರೆ ನೀರು ಒಳಬರುವ ಅಂಗಳದ ಕಡೆಗೆ ಅದೇ ಕಟ್ಟಣೆಯನ್ನು ಮುಂದುವರಿಸುವುದಕ್ಕೆ ಸೌಂದರ್ಯದ ಹೊರತು ಬೇರೆ ಕಾರಣವಿಲ್ಲ. ನಡಿಗೆಹಾದಿಯನ್ನು ನೀರಿನಿಂದ ಹಿಂದಕ್ಕೆ ಸರಿಸಿ, ನಡುವೆ ಹೊಂಗೆ, ನೇರಳೆಯಂತಹ ಸ್ಥಳೀಯ ಮರಗಳನ್ನು ನೆಟ್ಟರೆ ನೆರಳಿನಿಂದ ಅಂಚಿನ ನೀರು ತಂಪಾಗಿ, ಹರಿದು ಬರುವ ಮಣ್ಣೂ ತಡೆಯಲ್ಪಡುತ್ತದೆ. ಹೂಳೆತ್ತುವಾಗ ಇಡೀ ಕೆರೆಯನ್ನು ಬಟ್ಟಲಿನಂತೆ ಒಂದೇ ಆಳಕ್ಕೆ ತೋಡದೆ, ಆಳದ ಗುಂಡಿಗಳನ್ನೂ ಆಳವಿಲ್ಲದ ಜಾಗಗಳನ್ನೂ ಉಳಿಸುವುದು ಉಚಿತ. ನೀರು ಇಳಿದ ಬೇಸಿಗೆಯಲ್ಲಿ ಗುಂಡಿಗಳೇ ಮೀನಿನ ಆಸರೆ. ಗಣೇಶ ವಿಸರ್ಜನೆಗೆ ಪ್ರತ್ಯೇಕ ಹೊಂಡ ಕಟ್ಟುವ ಪದ್ಧತಿಯೂ ಇದರ ಭಾಗ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದಿಂದ ಬರುವ ನೀರನ್ನು ಜೌಗುಪ್ರದೇಶದ ಮೂಲಕ ಹಾಯಿಸಿ ಕೆರೆಗೆ ಬಿಡುವ ವ್ಯವಸ್ಥೆ ಹೆಸರಾಗಿದೆ.

ಕಾನೂನು

ಕೆರೆಗಳ ರಕ್ಷಣೆಗೆ ರಾಜ್ಯದಲ್ಲಿ 2014ರ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಜಾರಿಗೆ ಬಂದಿತು. ಒತ್ತುವರಿ, ಕೆರೆಯೊಳಗಿನ ಕಟ್ಟಡ, ಕಸ ಹಾಗೂ ಸಂಸ್ಕರಿಸದ ಕೊಳಚೆ ಬಿಡುವುದನ್ನು ಅದು ನಿಷೇಧಿಸುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಮೀಸಲು ವಲಯ ಬಿಡಬೇಕೆಂದು ಆದೇಶಿಸಿತ್ತು. ಸರ್ವೋಚ್ಚ ನ್ಯಾಯಾಲಯ 2019ರ ಮಾರ್ಚ್ 5ರಂದು ಆ ಆದೇಶವನ್ನು ರದ್ದುಪಡಿಸಿದ್ದರಿಂದ ನಗರ ಯೋಜನೆಯಲ್ಲಿದ್ದ 30 ಮೀಟರ್ ಮಿತಿಯೇ ಉಳಿಯಿತು. ಮೀನಿಗೆ ಬೇಕಾದುದು ಅಂತರವೊಂದೇ ಅಲ್ಲ, ಆ ಅಂತರದಲ್ಲಿ ಏನಿದೆ ಎಂಬುದೂ ಹೌದು: ಹುಲ್ಲು ಮರಗಳಿರುವ 30 ಮೀಟರಿಗೂ ಹಾಸುಗಲ್ಲಿನ 30 ಮೀಟರಿಗೂ ಅಜಗಜಾಂತರ.

ಜೀವನೋಪಾಯ

ಕೆರೆಗಳ ಮೀನುಹಿಡಿಯುವ ಹಕ್ಕನ್ನು ಟೆಂಡರ್ ಮೂಲಕ ಅಥವಾ ಮೀನುಗಾರರ ಸಹಕಾರ ಸಂಘಗಳಿಗೆ ಗುತ್ತಿಗೆಯಾಗಿ ನೀಡುವ ಪದ್ಧತಿ ರಾಜ್ಯದಲ್ಲಿದೆ. ಮೀನುಗಳು ಸಾಮೂಹಿಕವಾಗಿ ಸತ್ತರೆ ಗುತ್ತಿಗೆದಾರ ಬಿತ್ತಿದ ಮರಿಯ ಬೆಲೆಯೂ ಮುಂದಿನ ತಿಂಗಳುಗಳ ಕೂಲಿಯೂ ಒಟ್ಟಿಗೆ ಹೋಗುತ್ತವೆ. ದಂಡೆಯ ಯೋಜನೆ ರೂಪಿಸುವ ಸಭೆಗಳಿಗೆ ಬಲೆ ಬೀಸುವವರನ್ನು ಕರೆಯುವುದು ಅಪರೂಪ. ಯಾವ ಮೂಲೆಯಲ್ಲಿ ಮರಿ ಸೇರುತ್ತದೆ, ಯಾವ ತೂಬಿನ ಬಳಿ ನೀರು ತಂಪು ಎಂಬುದನ್ನು ಅವರು ವರ್ಷಗಟ್ಟಲೆ ನೋಡಿದವರು.