ಮರದ ಚೂರು ಮತ್ತು ಕೃಷಿತ್ಯಾಜ್ಯಗಳಿಂದ ಹಲಗೆಯ ತಯಾರಿಕೆ

ಮರವನ್ನು ಕಡಿದು, ಸೀಳಿ, ಹಲಗೆಯಾಗಿಸುವಷ್ಟರಲ್ಲಿ ಅದರ ಗಣನೀಯ ಭಾಗವು ಕೊಂಬೆ, ಅಂಚುಪಟ್ಟಿ, ಉಜ್ಜುಗೊರಡಿನ ಹೆರೆ ಹಾಗೂ ಗರಗಸದ ಹೊಟ್ಟಾಗಿ ಉಳಿದುಹೋಗುತ್ತದೆ. ಹೊಲದಲ್ಲಿಯೂ ಹೀಗೆಯೇ. ಹತ್ತಿಯನ್ನು ಬಿಡಿಸಿಕೊಂಡ ಮೇಲೆ ಗಿಡದ ಕಟ್ಟಿಗೆಯೂ, ಕಬ್ಬನ್ನು ಅರೆದ ಮೇಲೆ ಸಿಪ್ಪೆಯೂ, ಭತ್ತವನ್ನು ಅಕ್ಕಿ ಮಾಡಿಸಿದ ಮೇಲೆ ಹೊಟ್ಟೂ ಉಳಿಯುತ್ತವೆ. ರಸಾಯನ ದೃಷ್ಟಿಯಿಂದ ಇವೆಲ್ಲವೂ ಒಂದೇ ಕುಲಕ್ಕೆ ಸೇರಿದವು; ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್ ಎಂಬ ದ್ರವ್ಯಗಳೇ ಇವುಗಳ ಮುಖ್ಯ ಘಟಕಗಳು. ಹಾಗಿದ್ದ ಮೇಲೆ ಮರದ ಚೂರುಗಳಿಂದ ಆಗುವ ಹಲಗೆಯು ಹೊಲದ ತ್ಯಾಜ್ಯದಿಂದಲೂ ಅಷ್ಟೇ ಸುಲಭವಾಗಿ ಆಗಬೇಕಲ್ಲವೆ? ಈ ಪ್ರಶ್ನೆಯನ್ನು ನಾವು ಇಲ್ಲಿ ವಿವೇಚಿಸಲು ಯತ್ನಿಸಿದ್ದೇವೆ.

ವ್ಯಾಪಾರದಲ್ಲಿ ಪಾರ್ಟಿಕಲ್ ಬೋರ್ಡ್ ಎಂದು ಕರೆಯುವ ಈ ಹಲಗೆಯು ಕಾರ್ಖಾನೆಯ ಸರಕಾಗಿ ಬೆಳೆದುದು ಎರಡನೆಯ ಮಹಾಯುದ್ಧದ ಕಾಲದ ಜರ್ಮನಿಯಲ್ಲಿ. ಅಲ್ಲಿ ಮ್ಯಾಕ್ಸ್ ಹಿಮ್ಮೆಲ್‌ಹೆಬರ್ ಅವರು ಇದರ ಮೂಲ ಪ್ರವರ್ತಕರಲ್ಲಿ ಒಬ್ಬರು. ಭಾರತದಲ್ಲಿ ೧೯೮೮ರ ರಾಷ್ಟ್ರೀಯ ಅರಣ್ಯ ನೀತಿಯು ಮರಕ್ಕೆ ಬದಲಿ ವಸ್ತುಗಳ ಬಳಕೆಯನ್ನು ಪ್ರೋತ್ಸಾಹಿಸಿತು. ೧೯೯೬ರ ಡಿಸೆಂಬರ್ ೧೨ರಂದು ಸರ್ವೋಚ್ಚ ನ್ಯಾಯಾಲಯವು ಅರಣ್ಯದಲ್ಲಿ ಮರ ಕಡಿಯುವುದನ್ನು ನಿರ್ಬಂಧಿಸಿದ ಮೇಲೆ ಈ ಪ್ರಶ್ನೆಗೆ ಇನ್ನಷ್ಟು ಮಹತ್ತ್ವ ಬಂದಿತು.

ತಯಾರಿಕೆಯ ಕ್ರಮವನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ಕಚ್ಚಾ ವಸ್ತುವನ್ನು ಯಂತ್ರದಲ್ಲಿ ಚೂರು ಮಾಡಿ, ಜರಡಿ ಹಿಡಿದು, ತೇವಾಂಶವು ಶೇಕಡ ೨ರಿಂದ ೫ಕ್ಕೆ ಇಳಿಯುವವರೆಗೆ ಒಣಗಿಸುತ್ತಾರೆ. ಅನಂತರ ಅದರ ಮೇಲೆ ಅಂಟನ್ನು ಸಿಂಪಡಿಸುತ್ತಾರೆ. ಸಾಮಾನ್ಯವಾಗಿ ಇದು ಯೂರಿಯಾ-ಫಾರ್ಮಾಲ್ಡಿಹೈಡ್ ರಾಳ. ಇದರೊಡನೆ ಅಮೋನಿಯಂ ಕ್ಲೋರೈಡಿನಂತಹ ಗಟ್ಟಿಕಾರಕವೂ, ನೀರು ಹೀರುವುದನ್ನು ತಗ್ಗಿಸಲು ಸ್ವಲ್ಪ ಮೇಣವೂ ಸೇರುತ್ತವೆ. ಸಣ್ಣ ಚೂರನ್ನು ಮೇಲೆ ಕೆಳಗೆ, ದಪ್ಪ ಚೂರನ್ನು ನಡುವೆ ಹರಡಿ, ಸುಮಾರು ೧೫೦ರಿಂದ ೨೦೦ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಕೆಲವು ನಿಮಿಷಗಳ ಕಾಲ ಒತ್ತುತ್ತಾರೆ. ಹೊರಪದರದ ತೇವವು ಆವಿಯಾಗಿ ಒಳಕ್ಕೆ ನುಗ್ಗಿ ಶಾಖವನ್ನು ನಡುಭಾಗಕ್ಕೆ ಒಯ್ಯುತ್ತದೆ. ಆದರೆ ತೇವವು ಮಿತಿಮೀರಿದರೆ, ಒತ್ತುಯಂತ್ರವನ್ನು ತೆರೆದೊಡನೆ ಅದೇ ಆವಿಯು ಹಲಗೆಯನ್ನು ಒಳಗಿನಿಂದ ಸೀಳಿಬಿಡುತ್ತದೆ.

ಚೂರುಗಳು ಒಂದನ್ನೊಂದು ಚೆನ್ನಾಗಿ ತಾಗಬೇಕಾದರೆ ಹಲಗೆಯ ಸಾಂದ್ರತೆಯು ಮೂಲವಸ್ತುವಿನ ಸಾಂದ್ರತೆಗಿಂತ ಹೆಚ್ಚಾಗಿರಬೇಕು. ಆದುದರಿಂದ ಹಗುರವಾದ ಮರ ಇಲ್ಲಿ ಗುಣವೇ ಹೊರತು ದೋಷವಲ್ಲ. ಘನಮೀಟರಿಗೆ ೭೦೦ ಕಿಲೋಗ್ರಾಂ ಸಾಂದ್ರತೆಯ, ೨೪೪ ಸೆಂ.ಮೀ. ಉದ್ದ, ೧೨೨ ಸೆಂ.ಮೀ. ಅಗಲ, ೧೮ ಮಿ.ಮೀ. ದಪ್ಪದ ಒಂದು ಹಲಗೆಯ ತೂಕವನ್ನು ಗಣಿಸಿದರೆ ಸುಮಾರು ೩೭ ಕಿಲೋಗ್ರಾಂ ಆಗುತ್ತದೆ. ಚೂರಿನ ತೂಕದ ಶೇಕಡ ೧೦ರಷ್ಟು ರಾಳವನ್ನು ಬಳಸಿದರೆ ಅದರಲ್ಲಿ ರಾಳದ ಪಾಲು ೩ ಕಿಲೋಗ್ರಾಮಿಗಿಂತ ತುಸು ಹೆಚ್ಚು. ಚೂರು ನುಣ್ಣಗಾದಷ್ಟೂ ಅದರ ಮೇಲ್ಮೈ ವಿಸ್ತಾರವಾಗಿ, ರಾಳದ ಆವಶ್ಯಕತೆಯೂ ಏರುತ್ತದೆ. ಬರಿಯ ಗರಗಸದ ಹೊಟ್ಟಿನಿಂದ ಬಲವಾದ ಹಲಗೆ ದೊರೆಯದಿರುವುದಕ್ಕೆ ಇದೊಂದು ಕಾರಣ. ಉದ್ದನೆಯ ಚೂರುಗಳಿಲ್ಲದೆ ಬಾಗುವಿಕೆಯನ್ನು ತಡೆಯುವ ಶಕ್ತಿ ಕುಗ್ಗುವುದು ಮತ್ತೊಂದು.

ಕೃಷಿತ್ಯಾಜ್ಯಗಳ ವಿಷಯದಲ್ಲಿ ಒಂದೊಂದಕ್ಕೂ ಒಂದೊಂದು ತೊಡಕುಂಟು. ಕಬ್ಬಿನ ಸಿಪ್ಪೆಯಲ್ಲಿ ನಾರಿನೊಡನೆ ಮೆತ್ತನೆಯ ಬೆಂಡು ಬೆರೆತಿರುತ್ತದೆ. ಅದು ರಾಳವನ್ನು ಹೀರುವುದಲ್ಲದೆ ಬಲವನ್ನು ಕೊಡುವುದಿಲ್ಲ. ಆದ್ದರಿಂದ ಮೊದಲು ಅದನ್ನು ಬೇರ್ಪಡಿಸಬೇಕು. ಉಳಿದಿರುವ ಸಕ್ಕರೆಯಿಂದಾಗಿ ರಾಶಿಯು ಹುದುಗಿ ಕಾವೇರುವುದೂ ಉಂಟು. ಭತ್ತದ ಹುಲ್ಲಿನ ಮೇಲ್ಮೈಯಲ್ಲಿ ಮೇಣವೂ ಸಿಲಿಕವೂ ಇರುವುದರಿಂದ ಯೂರಿಯಾ ರಾಳವು ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಐಸೊಸಯನೇಟ್ ಜಾತಿಯ ಅಂಟು ಹಿಡಿಯುತ್ತದೆ. ಆದರೆ ಅದರ ಬೆಲೆ ಹೆಚ್ಚು. ಭತ್ತದ ಹೊಟ್ಟಿನ ಸಿಲಿಕವು ಕತ್ತರಿಸುವ ಅಲಗುಗಳನ್ನು ಬೇಗ ಸವೆಸುತ್ತದೆ. ಹತ್ತಿ ಕಟ್ಟಿಗೆಯು ಮಾತ್ರ ರಚನೆಯಲ್ಲಿ ಮರಕ್ಕೆ ಬಹುಮಟ್ಟಿಗೆ ಸಮೀಪವಾದುದು. ಮುಂಬಯಿಯ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನ ಸಂಸ್ಥೆಯು ಇದರಿಂದ ಹಲಗೆ ಮಾಡುವ ವಿಧಾನವನ್ನು ರೂಪಿಸಿದೆ.

ಇವೆಲ್ಲ ತಾಂತ್ರಿಕ ತೊಡಕುಗಳು, ಪರಿಹಾರವಿಲ್ಲದವುಗಳಲ್ಲ. ಇದಕ್ಕಿಂತ ಕಠಿಣವಾದ ಪ್ರಶ್ನೆ ಬೇರೊಂದಿದೆ. ನಾವು ತ್ಯಾಜ್ಯವೆಂದು ಕರೆಯುವುದು ನಿಜವಾಗಿಯೂ ತ್ಯಾಜ್ಯವೆ? ಕಬ್ಬಿನ ಸಿಪ್ಪೆಯನ್ನು ಸಕ್ಕರೆ ಕಾರ್ಖಾನೆಯು ತನ್ನ ಕುಲುಮೆಗೆ ಹಾಕಿ ಉಗಿಯನ್ನೂ ವಿದ್ಯುತ್ತನ್ನೂ ಪಡೆಯುತ್ತದೆ. ಅದನ್ನು ಹಲಗೆಗೆ ಕೊಟ್ಟರೆ ಬೇರೆ ಇಂಧನವನ್ನು ಕೊಳ್ಳಬೇಕಾಗುತ್ತದೆ. ಭತ್ತದ ಹುಲ್ಲು ದನಗಳ ಮೇವು. ಹಾವೇರಿ, ಧಾರವಾಡ, ರಾಯಚೂರು ಪ್ರದೇಶಗಳ ಹತ್ತಿ ಕಟ್ಟಿಗೆಯನ್ನು ಬಡ ಕುಟುಂಬಗಳು ಒಲೆಗೆ ಬಳಸುವುದುಂಟು. ಆದರೆ ಅದು ಹೊಲದಲ್ಲಿಯೇ ಉಳಿದರೆ ಒಣಗಿದ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕ ಹುಳುವಿಗೆ ಮುಂದಿನ ಹಂಗಾಮಿನವರೆಗೂ ಆಶ್ರಯ ದೊರೆಯುತ್ತದೆ. ಆದುದರಿಂದ ಉರುವಲಿಗೆ ಮಿಕ್ಕ ಕಟ್ಟಿಗೆಗೆ ಬೆಲೆ ಕೊಟ್ಟು ಸಾಗಿಸಿದರೆ ರೈತನಿಗೆ ಎರಡು ಬಗೆಯ ಲಾಭ. ಆದರೆ ಈ ಕಟ್ಟಿಗೆಯು ಗಾತ್ರದಲ್ಲಿ ದೊಡ್ಡದು, ತೂಕದಲ್ಲಿ ಅಲ್ಪ. ದೂರದಿಂದ ಸಾಗಿಸಿದರೆ ಬಾಡಿಗೆಯೇ ಲಾಭವನ್ನು ನುಂಗುತ್ತದೆ. ಮೇಲಾಗಿ ಅದು ದೊರೆಯುವುದು ವರ್ಷದ ಕೆಲವೇ ತಿಂಗಳು. ಕಾರ್ಖಾನೆಯಾದರೋ ವರ್ಷವಿಡೀ ನಡೆಯಬೇಕು.

ಆರೋಗ್ಯದ ವಿಚಾರವನ್ನೂ ಮರೆಯುವಂತಿಲ್ಲ. ಯೂರಿಯಾ ರಾಳದ ಹಲಗೆಯಿಂದ ಫಾರ್ಮಾಲ್ಡಿಹೈಡ್ ಅನಿಲವು ಅಲ್ಪ ಪ್ರಮಾಣದಲ್ಲಿ ಹೊರಸೂಸುತ್ತಿರುತ್ತದೆ. ೨೦೦೪ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ಇದನ್ನು ಮನುಷ್ಯರಲ್ಲಿ ಕ್ಯಾನ್ಸರನ್ನುಂಟುಮಾಡುವ ವಸ್ತುಗಳ ವರ್ಗಕ್ಕೆ ಸೇರಿಸಿತು. ರಾಳದಲ್ಲಿ ಫಾರ್ಮಾಲ್ಡಿಹೈಡಿನ ಪ್ರಮಾಣವನ್ನು ತಗ್ಗಿಸುವುದು, ಹಲಗೆಯ ಅಂಚುಗಳನ್ನು ಮುಚ್ಚುವುದು ಇದಕ್ಕೆ ಇರುವ ಉಪಾಯಗಳಲ್ಲಿ ಮುಖ್ಯವಾದವು.

ಒಟ್ಟಿನಲ್ಲಿ ಹೇಳುವುದಾದರೆ, ಹೊಲದ ತ್ಯಾಜ್ಯದಿಂದ ಹಲಗೆ ಆಗುತ್ತದೆ. ಆದರೆ ಮರಕ್ಕಾಗಿ ರೂಪಿಸಿದ ವಿಧಾನವನ್ನು ಹಾಗೆಯೇ ಅನ್ವಯಿಸುವುದರಿಂದ ಅಲ್ಲ. ಹಲಗೆಯ ಗುಣವು ಒತ್ತುಯಂತ್ರಕ್ಕಿಂತ ಮೊದಲೇ, ಕಚ್ಚಾ ವಸ್ತುವಿನ ಆಯ್ಕೆ, ಸಂಗ್ರಹ ಮತ್ತು ಸಂಸ್ಕರಣಗಳಲ್ಲಿ ಬಹುಪಾಲು ನಿರ್ಧಾರವಾಗುತ್ತದೆ. ಆದುದರಿಂದ ಈ ಉದ್ಯಮವನ್ನು ಕುರಿತು ಅಧ್ಯಯನ ಮಾಡುವವರು ರಾಳದ ರಸಾಯನವನ್ನು ಅರಿತರೆ ಸಾಲದು. ತಮ್ಮ ಸೀಮೆಯ ಬೆಳೆ, ಮೇವು, ಉರುವಲುಗಳ ಲೆಕ್ಕವನ್ನೂ ಅದರೊಡನೆ ಅರಿಯಬೇಕಾಗುತ್ತದೆ.