‘ನಲ್ಲಿ ನಿಲ್ಲಿಸಿ’ ಎನ್ನುವ ಮೊದಲು: ಊರಿನ ನೀರಿನ ಲೆಕ್ಕವನ್ನು ಕಲಿಸುವುದು ಹೇಗೆ?

ಬೋಧನಾಭ್ಯಾಸದ ಎರಡನೇ ವಾರ. ಕೋಲಾರ ಜಿಲ್ಲೆಯ ಒಂದು ಪ್ರೌಢಶಾಲೆಯ ಎಂಟನೇ ತರಗತಿಯಲ್ಲಿ ನೀರಿನ ಸಂರಕ್ಷಣೆಯ ಪಾಠ ಮಾಡುತ್ತಿದ್ದೆ. ಪಾಠಯೋಜನೆಯಲ್ಲಿ ಬರೆದುಕೊಂಡಿದ್ದಂತೆಯೇ “ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಬೇಕು” ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮಿಸ್, ನಮ್ಮ ಬೀದಿಗೆ ನೀರು ಬಿಡೋದೇ ಎಂಟು ದಿನಕ್ಕೊಂದು ಸಲ. ಯಾವ ನಲ್ಲಿ ನಿಲ್ಲಿಸೋದು?” ಎಂದಳು. ತರಗತಿ ನಕ್ಕಿತು. ನನ್ನ ಬಳಿ ಉತ್ತರವಿರಲಿಲ್ಲ. ವೀಕ್ಷಣೆಗೆ ಕುಳಿತಿದ್ದ ಉಪನ್ಯಾಸಕರು ನನ್ನ ಪುಸ್ತಕದಲ್ಲಿ ಒಂದೇ ಸಾಲು ಬರೆದರು: “ಉಳಿತಾಯ ಹೇಳಿದಿರಿ, ಲೆಕ್ಕ ಹೇಳಲಿಲ್ಲ.”

ಮುಂದಿನ ಎರಡು ಅವಧಿಗಳಲ್ಲಿ ಆ ಲೆಕ್ಕವನ್ನೇ ಪಾಠವಾಗಿಸಿದೆ. ಒಂದು ಪ್ರದೇಶದ ನಾಳೆಯ ನೀರಿಗೆ ಯೋಜನೆ ಮಾಡುವುದೆಂದರೆ ಮೂರು ಪ್ರಶ್ನೆ ಕೇಳುವುದು ಎಂದು ಅದನ್ನು ಸಿದ್ಧಪಡಿಸುವಾಗ ನನಗೆ ತಿಳಿಯಿತು.

1. ಬರುವುದೆಷ್ಟು, ಬೇಕಾದದ್ದೆಷ್ಟು?

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಇಷ್ಟು ಗೊತ್ತಾದರೆ ಮಕ್ಕಳೇ ಲೆಕ್ಕ ಮಾಡುತ್ತಾರೆ. 4 ಚದರ ಕಿ.ಮೀ. ವಿಸ್ತೀರ್ಣದ, 1,000 ಜನರ ಒಂದು ಊರನ್ನು ಊಹಿಸಿಕೊಂಡೆವು. ವರ್ಷಕ್ಕೆ 700 ಮಿ.ಮೀ. ಮಳೆಯಾದರೆ ಊರಿನ ಮೇಲೆ ಬೀಳುವ ನೀರು 280 ಕೋಟಿ ಲೀಟರ್. ಜಲಜೀವನ್ ಮಿಷನ್ನಿನ ಪ್ರಕಾರ ಗ್ರಾಮೀಣ ಪ್ರದೇಶದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಬೇಕು. ಅಂದರೆ ಇಡೀ ಊರಿಗೆ ವರ್ಷಕ್ಕೆ ಸುಮಾರು 2 ಕೋಟಿ ಲೀಟರ್. ಬಿದ್ದ ಮಳೆಯಲ್ಲಿ ಇದು ಶೇಕಡಾ ಒಂದೂ ಆಗುವುದಿಲ್ಲ!

ಇಲ್ಲಿಗೆ ನಿಲ್ಲಿಸಿದರೆ ತಪ್ಪು ತಿಳಿವಳಿಕೆ ಉಳಿಯುತ್ತದೆ. ಮಳೆಯ ಬಹುಪಾಲು ಆವಿಯಾಗುತ್ತದೆ, ಗಿಡಮರ ಬೆಳೆಗಳು ಹೀರುತ್ತವೆ. ಕೆರೆಗೂ ಅಂತರ್ಜಲಕ್ಕೂ ಸೇರುವುದು ಸ್ವಲ್ಪವೇ. ಆ ಸ್ವಲ್ಪದಲ್ಲೂ ಹೆಚ್ಚಿನದು ಹೊಲಕ್ಕೆ ಹೋಗುತ್ತದೆ. ಭತ್ತದ ಒಂದು ಬೆಳೆಗೆ ಸುಮಾರು 1,200 ಮಿ.ಮೀ. ನೀರು ಬೇಕೆಂದು ಹಿಡಿದರೆ ಎಕರೆಗೆ 48 ಲಕ್ಷ ಲೀಟರ್ ದಾಟುತ್ತದೆ. ನಾಲ್ಕು ಎಕರೆ ಭತ್ತದ ನೀರು, ಸಾವಿರ ಜನರ ಒಂದು ವರ್ಷದ ಮನೆಬಳಕೆಯ ನೀರಿಗೆ ಹತ್ತಿರ ಹತ್ತಿರ ಸಮ. ಇದನ್ನು ಹೇಳುವಾಗ ಎಚ್ಚರ ಬೇಕು: ತರಗತಿಯಲ್ಲಿ ಕುಳಿತವರು ರೈತರ ಮಕ್ಕಳು. ತಪ್ಪು ಯಾರದು ಎನ್ನುವ ಬದಲು, ರಾಗಿಗೆ ಎಷ್ಟು ನೀರು ಬೇಕು, ಹನಿ ನೀರಾವರಿಯಿಂದ ಎಷ್ಟು ಉಳಿಯುತ್ತದೆ ಎಂದು ಮನೆಯಲ್ಲಿ ಕೇಳಿಕೊಂಡು ಬರಲು ಹೇಳಿದೆ.

2. ಮೂಲ ಉಳಿಯಲು ಏನು ಬೇಕು?

ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನೆಲದಡಿ ಇರುವುದು ಗಟ್ಟಿ ಬಂಡೆ. ಅದರ ಬಿರುಕುಗಳಲ್ಲಷ್ಟೇ ನೀರು. ಇಂಗುವುದಕ್ಕಿಂತ ಹೆಚ್ಚು ಎತ್ತಿದ್ದರಿಂದ ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಆಳದ ನೀರು ಬಂಡೆಯೊಂದಿಗೆ ಬಹುಕಾಲ ಇರುವುದರಿಂದ ಅದರಲ್ಲಿ ಫ್ಲೋರೈಡ್ ಹೆಚ್ಚು. ಬೇರೆ ಮೂಲವಿಲ್ಲದಿದ್ದರೂ ಲೀಟರಿಗೆ 1.5 ಮಿ.ಗ್ರಾಂ. ಮೀರಬಾರದೆಂಬುದು ಭಾರತೀಯ ಮಾನಕ. ಮೀರಿದರೆ ಹಲ್ಲು, ಮೂಳೆಗಳಿಗೆ ಹಾನಿ.

ಕೆರೆಯನ್ನು ಹೂಳೆತ್ತಿದರೆ ಸಾಲದು ಎಂಬುದನ್ನು ಮಕ್ಕಳಿಗೆ ಚಿತ್ರ ಬರೆಸಿ ತೋರಿಸಿದೆ. ಮೇಲಿನ ಗೋಮಾಳ, ನೀರು ತರುವ ಕಾಲುವೆ, ಏರಿ, ತೂಬು, ಕೋಡಿ, ಕೋಡಿಯ ನೀರು ಹೋಗಿ ಸೇರುವ ಕೆಳಗಿನ ಕೆರೆ, ಇವೆಲ್ಲ ಸೇರಿ ಒಂದು ವ್ಯವಸ್ಥೆ. ಕಾಲುವೆ ಒತ್ತುವರಿಯಾದರೆ ಹೂಳೆತ್ತಿದ ಕೆರೆಯೂ ಖಾಲಿಯೇ. ಹಿಂದೆ ಸರದಿ ನೋಡಿ ನೀರು ಬಿಡಲು ಊರಿನಲ್ಲಿ ನೀರುಗಂಟಿ ಇರುತ್ತಿದ್ದ ಎಂದಾಗ ಒಬ್ಬ ಹುಡುಗ, “ನಮ್ಮ ತಾತನೇ ನೀರುಗಂಟಿ ಮಿಸ್” ಎಂದ. ಮರುದಿನದ ಪಾಠಕ್ಕೆ ಅವನೇ ಅರ್ಧ ಶಿಕ್ಷಕ.

3. ಹೊರಗಿನಿಂದ ತಂದರೆ ಬೆಲೆ ಏನು?

ಊರಿನ ನೀರು ಸಾಲದಿದ್ದಾಗ ಹೊರಗಿನಿಂದ ತರುವ ಮಾತು ಬರುತ್ತದೆ. ಈ ಜಿಲ್ಲೆಯಲ್ಲಿ ಅದಕ್ಕೆ ಎರಡು ಉದಾಹರಣೆಗಳಿವೆ.

ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಅದರ ಸಾಮರ್ಥ್ಯ ದಿನಕ್ಕೆ 44 ಕೋಟಿ ಲೀಟರ್. ಉದ್ದೇಶ ಕುಡಿಯುವುದಲ್ಲ, ಕೆರೆ ತುಂಬಿಸಿ ಅಂತರ್ಜಲ ಹೆಚ್ಚಿಸುವುದು. ಕೆರೆಗಳ ಸುತ್ತಲಿನ ಬಾವಿಗಳಲ್ಲಿ ನೀರು ಏರಿದೆ. ಆದರೆ ಎರಡನೇ ಹಂತದ ಸಂಸ್ಕರಣೆ ಕರಗಿದ ನೈಟ್ರೇಟ್, ಫಾಸ್ಫೇಟ್‌ಗಳನ್ನು ಪೂರ್ತಿ ತೆಗೆಯುವುದಿಲ್ಲ. ಅದಕ್ಕೇ ಮೂರನೇ ಹಂತದ ಬೇಡಿಕೆಯಿದೆ. ವಿಷಯ ನ್ಯಾಯಾಲಯಕ್ಕೂ ಹೋಗಿತ್ತು.

ಎರಡನೆಯದು ಎತ್ತಿನಹೊಳೆ. ಸಕಲೇಶಪುರದ ಕಡೆಯ ಹಳ್ಳಗಳಿಂದ ಮಳೆಗಾಲದಲ್ಲಿ 24.01 ಟಿಎಂಸಿ ನೀರನ್ನು ಬಯಲುಸೀಮೆಗೆ ಎತ್ತಿ ತರುವ ಯೋಜನೆ. ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಆ ಹಳ್ಳಗಳು ನೇತ್ರಾವತಿಗೆ ಸೇರುವಂಥವು. ಘಟ್ಟದ ಕಾಡಿಗೂ ಕರಾವಳಿಗೂ ಏನಾಗುತ್ತದೆ ಎಂಬುದು ಅಲ್ಲಿನವರ ಪ್ರಶ್ನೆ.

ತರಗತಿಯನ್ನು ಎರಡು ಗುಂಪು ಮಾಡಿದೆ: ಒಂದು ಕೋಲಾರದವರು, ಇನ್ನೊಂದು ಮಂಗಳೂರಿನವರು. ಹತ್ತು ನಿಮಿಷದ ನಂತರ ಪಾತ್ರ ಅದಲುಬದಲು. ತಮ್ಮದೇ ವಾದಕ್ಕೆ ತಾವೇ ಉತ್ತರ ಹುಡುಕಬೇಕಾದಾಗ ಮಕ್ಕಳು ಗಲಾಟೆ ಬಿಟ್ಟು ಯೋಚಿಸತೊಡಗಿದರು.

ಈ ಪಾಠ ಮಾಡುವ ಸಹಪಾಠಿಗಳಿಗೆ ನನ್ನ ಸಲಹೆ ಇಷ್ಟೇ: ಘೋಷಣೆಯಿಂದಲ್ಲ, ಊರಿನ ಅಂಕಿಗಳಿಂದ ಆರಂಭಿಸಿ. ಮಳೆಯ ಪ್ರಮಾಣ, ಜನಸಂಖ್ಯೆ, ಕೆರೆಯ ವಿಸ್ತೀರ್ಣ ಗ್ರಾಮ ಪಂಚಾಯಿತಿಯಲ್ಲಿ ಕೇಳಿದರೆ ಸಿಗುತ್ತವೆ. ಯಾವ ಗುಣಮಟ್ಟದ ನೀರು ಯಾವ ಬಳಕೆಗೆ ಎಂಬ ಪಟ್ಟಿಯನ್ನು ಮಕ್ಕಳಿಂದಲೇ ಮಾಡಿಸಿ.

ಕೊನೆಯ ಅವಧಿಯಲ್ಲಿ ಅದೇ ಹುಡುಗಿಯನ್ನು “ಈಗ ಏನು ಹೇಳ್ತೀಯಮ್ಮ?” ಎಂದು ಕೇಳಿದೆ. “ನಲ್ಲಿ ಆಮೇಲೆ ಮಿಸ್. ಮೊದಲು ನಮ್ಮ ಕೆರೆಗೆ ನೀರು ಬರೋ ಕಾಲುವೆ ಎಲ್ಲಿ ಮುಚ್ಚಿದೆ ನೋಡಬೇಕು” ಎಂದಳು. ಮೌಲ್ಯಮಾಪನದ ಪ್ರಶ್ನೆಯನ್ನು ನಾನು ಬೇರೆ ಬರೆದಿದ್ದೆ. ಆ ದಿನ ಅದನ್ನು ಕೇಳಲಿಲ್ಲ.